ಗೈಡಿನಲ್ಲಿ ಇಲ್ಲದ ಅಪ್ಪ

ಪ್ರತಿ ವರ್ಷ ಕಾಲೇಜು ಶುರುವಾದ ಮೊದಲ ವಾರ ನನ್ನ ಮೇಜಿನ ಮುಂದೆ ನಾಲ್ಕೈದು ಮಂದಿ ಬಂದು ನಿಲ್ಲುತ್ತಾರೆ. ಹುಡುಗಿಯರು ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡಿರುತ್ತಾರೆ. ಹುಡುಗರಲ್ಲಿ ಒಬ್ಬನ ಬೆನ್ನ ಹಿಂದೆ ಇನ್ನೊಬ್ಬ ಅಡಗಿರುತ್ತಾನೆ. ಧೈರ್ಯವಿದ್ದ ಯಾರೋ ಒಬ್ಬರು ಬಾಯಿ ಬಿಡುತ್ತಾರೆ.

"ಸರ್, ನಾವು ಮೊದಲು ಓದಿದ್ದು ಮದರಸಾದಲ್ಲಿ. ಮನೇಲಿ ಇಂಗ್ಲಿಷ್ ಅಂದ್ರೆ ಔಷಧಿ ಡಬ್ಬಿ ಮೇಲೆ ಬರೆದಿರುತ್ತಲ್ಲ, ಅಷ್ಟೇ. ನಮಗೂ ಬರುತ್ತಾ ಸರ್?"

ನನ್ನ ಇಸ್ತ್ರಿ ಮಾಡಿದ ಅಂಗಿ, ಜೇಬಿನ ಪೆನ್ನು ನೋಡಿ, ಈ ಮನುಷ್ಯ ತೊಟ್ಟಿಲಲ್ಲೇ ಇಂಗ್ಲಿಷಿನಲ್ಲಿ ಅತ್ತಿರಬೇಕು ಎಂದು ಅವರು ತಿಳಿದಿರುತ್ತಾರೆ. ಆ ನಂಬಿಕೆಯನ್ನು ಹಾಳು ಮಾಡುವುದು ನನಗೆ ಬಲು ಇಷ್ಟದ ಕೆಲಸ. ಬೆಂಚು ತೋರಿಸಿ ಕೂರಿಸುತ್ತೇನೆ. ಆಮೇಲೆ ಇದೇ ಕಾಲೇಜಿನಲ್ಲಿ, ಇದೇ ಮಹಡಿಯಲ್ಲಿ, ನನ್ನ ಅಪ್ಪನನ್ನು ನಾನು ಡಾಕ್ಟರ್ ಮಾಡಿದ ಕಥೆ ಹೇಳುತ್ತೇನೆ.

ನಮ್ಮ ಅಬ್ಬಾ ಹಾಸಿಗೆ ಹೊಲಿಯುವವರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹತ್ತಿ ಆ ಪರದೆಗೆ ಎಂದೂ ಮರ್ಯಾದೆ ಕೊಟ್ಟದ್ದಿಲ್ಲ. ನೀರಿನ ಲೋಟದಲ್ಲಿ ಹತ್ತಿ, ಅಬ್ಬಾರ ಗಡ್ಡದಲ್ಲಿ ಹತ್ತಿ. ನಾನು ಶಾಲೆಗೆ ಹೊರಟರೆ ತಲೆಗೂದಲಲ್ಲಿ ಅರ್ಧ ದಿಂಬು ನನ್ನ ಜೊತೆಗೇ ಬರುತ್ತಿತ್ತು. ಅಮ್ಮಿ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ನನ್ನ ಅಕ್ಕನ ಕೈಗೆ ಬಂತು. ನಾನು ಆಪಾ ಎಂದು ಕರೆಯುತ್ತಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು. ಅಬ್ಬಾ ತುಂಬುವ ಹಾಸಿಗೆಗಳಿಗೆಲ್ಲ ಗವಸು ಅವಳದೇ.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಬಾಯಿಪಾಠ. ಹದಿಮೂರನೆಯ ವಯಸ್ಸಿಗೆ ನಾನು ಹಾಫಿಜ್ ಆದೆ, ಅಂದರೆ ಕುರ್‌ಆನನ್ನು ಮೊದಲಿಂದ ಕೊನೆಯವರೆಗೆ ಕಂಠಪಾಠ ಮಾಡಿದವನು. ಮದರಸಾದಲ್ಲಿ ನಾಲ್ಕು ವರ್ಷದ ದುಡಿಮೆ ಅದು. ಬೆಳಗಾಗುತ್ತಲೇ ಹೊಸ ಪಾಠ, ಬಿಸಿಲೇರಿದ ಮೇಲೆ ಹೋದ ವಾರದ ಪಾಠ, ಮಧ್ಯಾಹ್ನ ಹಳೆಯ ಪಾಠ. ಹಿಂದೆ ಮುಂದೆ ತೂಗುತ್ತಾ ಓದುವುದು. ಪಾಠ ಹೇಳುವ ಉಸ್ತಾದರು ಕಣ್ಣು ಮುಚ್ಚಿ ಕೂತಿರುತ್ತಿದ್ದರು, ನಿದ್ದೆ ಹೋದರು ಅಂದುಕೊಳ್ಳಬೇಕು ಹಾಗೆ. ಉದ್ದ ಎಳೆಯಬೇಕಾದ ಒಂದು ಸ್ವರ ಗಿಡ್ಡವಾಯಿತೋ, ಬೆರಳು ಹಲಗೆಯ ಮೇಲೆ ಟಕ್ ಎನ್ನುತ್ತಿತ್ತು.

"ಇದು ನಿನ್ನ ಮಾತಲ್ಲಪ್ಪ," ಎನ್ನುತ್ತಿದ್ದರು. "ಒಂದು ಚುಕ್ಕೆ ಆಚೀಚೆ ಮಾಡೋ ಅಧಿಕಾರ ನಿನಗಿಲ್ಲ."

ಆ ಮಾತು ನನ್ನ ಮೂಳೆಯೊಳಗೆ ಇಳಿಯಿತು. ಇಳಿದದ್ದು ಒಳ್ಳೆಯದೇ ಆಯಿತು. ಆದರೆ ಅದು ಯಾವ ಪುಸ್ತಕಕ್ಕೆ ಸಲ್ಲುವ ಮಾತು, ಯಾವುದಕ್ಕೆ ಸಲ್ಲದ್ದು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಅಚ್ಚಾದದ್ದೆಲ್ಲ ನನ್ನ ಪಾಲಿಗೆ ಅಲುಗಾಡಿಸಬಾರದ ಮಾತೇ.

ಇಂಗ್ಲಿಷಿಗೆ ನಾನಾಗಿ ಹೋದವನಲ್ಲ. ಅಬ್ಬಾರ ಕಣ್ಣು ಮಂಜಾಗತೊಡಗಿದ ವರ್ಷ, ಚಿಕಿತ್ಸೆಯ ಕಾಗದ ಹಿಡಿದು ಆಪಾ ಒಂದು ಕಚೇರಿಗೆ ಹೋಗಿದ್ದಳು. ಕಿಟಕಿಯ ಆಚೆ ಕೂತವನು ಇಂಗ್ಲಿಷಿನ ಫಾರಂ ಒಂದನ್ನು ತಳ್ಳಿದ. ಇವಳು ಅದನ್ನೇ ನೋಡುತ್ತಾ ನಿಂತಳು. "ತಲೆಕೆಳಗಾಗಿ ಹಿಡ್ಕೊಂಡಿದೀಯಲ್ಲಮ್ಮಾ," ಎಂದನಂತೆ ಅವನು. ಫಾರಂ ನೆಟ್ಟಗೇ ಇತ್ತು. ಅವನು ತಮಾಷೆ ಮಾಡಿದ ಎಂದು ಆಪಾಳಿಗೆ ಗೊತ್ತಾದದ್ದು, ಅದನ್ನು ತಿರುಗಿಸಿ ಹಿಡಿದ ಮೇಲೆ, ಸಾಲಿನಲ್ಲಿದ್ದವರೆಲ್ಲ ನಕ್ಕ ಮೇಲೆ.

ಮನೆಗೆ ಬಂದು ತಟ್ಟೆ ಇಡುತ್ತಾ, "ನೀನು ಕಾಲೇಜಲ್ಲಿ ಇಂಗ್ಲಿಷ್ ತಗೋತೀಯ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಅಬ್ಬಾ ಹತ್ತಿ ಕೊಡವಿಕೊಳ್ಳುತ್ತಾ ಅಂದರು: "ಓದಲಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿಂದ ವಾಪಸ್ ಕಳಿಸಿದ್ರೆ ಮರುದಿನಾನೇ ಸೂಜಿ ಹಿಡೀಬೇಕು. ನನ್ನ ಕಣ್ಣು ಕಾಯ್ಕೊಂಡು ಕೂರಲ್ಲ."

ಕಾಲೇಜಿನಲ್ಲಿ ಒಂದು ನಿಯಮವಿತ್ತು. ಇಂಗ್ಲಿಷನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡವರು ಮೊದಲ ವರ್ಷ ತರಗತಿಯ ಮುಂದೆ ನಿಂತು ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ವಿಷಯ, 'ನನ್ನ ಕುಟುಂಬ'. ಅವಕಾಶ ಮೂರು. ಮೂರರಲ್ಲೂ ಬಿದ್ದವನು ತರಗತಿ ಬಿಡಬೇಕು.

ಮೂರೇ ನಿಮಿಷ! ಆರು ಸಾವಿರಕ್ಕೂ ಹೆಚ್ಚು ವಾಕ್ಯ ಗಂಟಲಲ್ಲಿ ಇಟ್ಟುಕೊಂಡವನಿಗೆ ಇದೇನು ಮಹಾ ಎಂದುಕೊಂಡೆ. ಹಳೆಯ ಪುಸ್ತಕದಂಗಡಿಯಿಂದ ಡಿಕ್ಷನರಿ ತಂದು, ಅಂಗಡಿಯ ಮೂಲೆಯಲ್ಲಿ ಹತ್ತಿ ಮೂಟೆಗೆ ಒರಗಿ, ಮೊದಲ ಪುಟದಿಂದ ಉರು ಹೊಡೆಯಲು ಶುರುಮಾಡಿದೆ. ಎರಡು ತಿಂಗಳಿಗೆ ಎ ಮುಗಿಯಿತು, ಬಿ ಮುಗಿಯಿತು, ಸಿ ಅರ್ಧಕ್ಕೆ ಬಂತು. ನನ್ನ ಇಂಗ್ಲಿಷಿನಲ್ಲಿ ಆಗ ಬ್ರೆಡ್ ಇತ್ತು, ಟೀ ಇರಲಿಲ್ಲ. ಬೈಸಿಕಲ್ ಇತ್ತು, ರಸ್ತೆ ಇರಲಿಲ್ಲ. ಬ್ರದರ್ ಇದ್ದ, ಸಿಸ್ಟರ್ ಇರಲಿಲ್ಲ.

"ಹಾಗಾದ್ರೆ ನಾನು ಯಾವಾಗ ಬರ್ತೀನೋ?" ಎಂದು ಕೇಳಿದಳು ಆಪಾ.

"ನೀನು ಎಸ್. ಇನ್ನೊಂದು ಎರಡು ವರ್ಷ ಆಗುತ್ತೆ ಆಪಾ."

"ಅಷ್ಟರಲ್ಲಿ ನಾನು ಮುದುಕಿ ಆಗಿರ್ತೀನಿ. ಅದು ಯಾವ ಅಕ್ಷರ ನೋಡ್ಕೋ."

ನನ್ನ ಈ ಸಾಧನೆ ತರಗತಿಗೆ ತಿಳಿದದ್ದು ಪಂಕ್ಚರ್‌ನಿಂದ. ಅವನ ಅಪ್ಪನದು ಸೈಕಲ್ ರಿಪೇರಿ ಅಂಗಡಿ, ಅದಕ್ಕೇ ಆ ಹೆಸರು. ಯಾರಾದರೂ ಸ್ವಲ್ಪ ಉಬ್ಬಿದರೆ ಗಾಳಿ ತೆಗೆಯುವುದೂ ಅವನ ಕಸುಬೇ. ನನ್ನ ಮದರಸಾದಲ್ಲೇ ಓದಿದವನು, ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಐದನೆಯದಕ್ಕೆ ನಿಲ್ಲಿಸಿದವನು. ಅವನು ನನಗಿಟ್ಟ ಹೆಸರು 'ಡಿಕ್ಷನರಿ ಹಾಫಿಜ್'. ಅದು ಒಂದೇ ದಿನದಲ್ಲಿ ಇಡೀ ಕಾಲೇಜು ಸುತ್ತಿ ಬಂತು.

ಪರೀಕ್ಷೆ ಹತ್ತಿರ ಬಂದಾಗ ಡಿಕ್ಷನರಿ ಬಿಟ್ಟು ಗೈಡ್ ಹಿಡಿದೆ. ಗೈಡಿನ ನಲವತ್ತೆರಡನೆಯ ಪುಟದಲ್ಲಿ 'ನನ್ನ ಕುಟುಂಬ' ಎಂಬ ಪ್ರಬಂಧ ತಯಾರಾಗಿಯೇ ಕೂತಿತ್ತು. ಒಂದು ಬೆಳಗಿನಲ್ಲಿ ಅರೆದು ಕುಡಿದುಬಿಟ್ಟೆ. ಅದರಲ್ಲಿದ್ದ ಅಪ್ಪ ಡಾಕ್ಟರ್. ಅಮ್ಮ ಶಾಲೆಯಲ್ಲಿ ಟೀಚರ್, ಭಾನುವಾರ ಕೇಕ್ ಮಾಡುತ್ತಾಳೆ. ಮನೆಯ ಮುಂದೆ ತೋಟ, ತೋಟದಲ್ಲಿ ಬಿಳಿ ನಾಯಿ. ಡಾಕ್ಟರ್ ಎಂಬುದನ್ನು ತೆಗೆದು ಹಾಸಿಗೆ ಹೊಲಿಯುವವರು ಎಂದು ಹಾಕಬಹುದು ಎಂಬ ಯೋಚನೆ, ದೇವರಾಣೆ, ನನ್ನ ತಲೆಗೆ ಬರಲೇ ಇಲ್ಲ. ಅಚ್ಚಾದದ್ದನ್ನು ಬದಲಿಸುವವನು ನಾನು ಯಾರು?

ಪರೀಕ್ಷೆಯ ದಿನ ತರಗತಿಯ ಮುಂದೆ ಎದ್ದು ನಿಂತೆ. ಕಣ್ಣು ಮುಚ್ಚಿದೆ. ತೂಗುತ್ತಾ, ರಾಗವಾಗಿ, ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾ, ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಒಪ್ಪಿಸಿ ಕಣ್ಣು ಬಿಟ್ಟೆ. ತರಗತಿ ಸ್ತಬ್ಧವಾಗಿತ್ತು. ಮೆಚ್ಚಿ ಮೂಕರಾಗಿದ್ದಾರೆ ಎಂದುಕೊಂಡೆ.

ಇಂಗ್ಲಿಷ್ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪರೀಕ್ಷೆಯಲ್ಲಿ ಕನ್ನಡ ಆಡದವರು ಅಂದು ಕನ್ನಡಕ್ಕೇ ಇಳಿದರು.

"ನಿಮ್ಮ ತಂದೆ ಡಾಕ್ಟರಾ?"

"ಯೆಸ್ ಮೇಡಂ."

"ಹಾಗಾದ್ರೆ ಹೋದ ಸೋಮವಾರ ನಮ್ಮನೆಗೆ ಹಾಸಿಗೆ ತಂದುಕೊಟ್ರಲ್ಲ, ನೀನೇ ಒಂದು ತುದಿ ಹೊತ್ಕೊಂಡು ಬಂದಿದ್ದೆ, ಅವರು ಯಾರಪ್ಪಾ?"

ನಾನು ಇಂಗು ತಿಂದ ಮಂಗನಂತೆ ನಿಂತೆ. ಹಿಂದಿನ ಬೆಂಚಿನಿಂದ ಪಂಕ್ಚರ್ ಎದ್ದ.

"ಮೇಡಂ, ಡಾಕ್ಟರೇ ಮೇಡಂ. ಬೆನ್ನುನೋವಿಗೆ ನೋಡ್ತಾರೆ."

ಛಾವಣಿ ಹಾರಿಹೋಗುವಂಥ ನಗು. ಮೊದಲ ಅವಕಾಶ ಹೋಯಿತು.

ಎರಡನೆಯ ಸಲ ಬುದ್ಧಿ ಬಂದಿತ್ತು, ಅರ್ಧ. ಗೈಡ್ ಬಿಟ್ಟು, ಮೇಲಿನ ತರಗತಿಯವನೊಬ್ಬನ ಕೈಯಲ್ಲಿ ಬರೆಸಿಕೊಂಡೆ. ಅಪ್ಪ ಈ ಸಲ ಹಾಸಿಗೆಯವರೇ. ಆದರೆ ಉರು ಹೊಡೆದದ್ದು ಅದೇ ರೀತಿ. ನಾಲ್ಕನೆಯ ವಾಕ್ಯದ ಮಧ್ಯೆ ಒಂದು ಪದ ಕೈಕೊಟ್ಟಿತು. ಬಾಯಿಪಾಠದವನಿಗೆ ಅಂಥ ಹೊತ್ತಿನಲ್ಲಿ ಗೊತ್ತಿರುವ ದಾರಿ ಒಂದೇ, ಹಿಂದಕ್ಕೆ ಹೋಗಿ ಓಡಿಬರುವುದು. ಮೊದಲಿಂದ ಶುರುಮಾಡಿದೆ. ಅದೇ ಜಾಗದಲ್ಲಿ ಬಿದ್ದೆ. ಮತ್ತೆ ಮೊದಲಿಂದ. ಮತ್ತೆ ಅಲ್ಲೇ. ಐದು ಸಲ ನನ್ನ ಅಪ್ಪನನ್ನು ತರಗತಿಗೆ ಪರಿಚಯಿಸಿದ್ದಾಯಿತು. ಆರನೆಯ ಸಲಕ್ಕೆ ತರಗತಿಯವರೇ ನನ್ನ ಜೊತೆ ಒಟ್ಟಿಗೆ ಹೇಳತೊಡಗಿದರು. ಗಂಟೆ ಹೊಡೆಯಿತು.

ಮನೆಗೆ ಹೋದರೆ ಅಬ್ಬಾ ಕಣ್ಣು ಕಿರಿದು ಮಾಡಿ ಸೂಜಿಗೆ ದಾರ ಪೋಣಿಸುತ್ತಿದ್ದರು. ನಾಲ್ಕು ಸಲ ತಪ್ಪಿದ ಮೇಲೆ ಸೂಜಿಯನ್ನೂ ದಾರವನ್ನೂ ನನ್ನ ಕಡೆ ಚಾಚಿದರು. ಅದರಲ್ಲೇ ಎಲ್ಲ ಇತ್ತು. ಇನ್ನು ಉಳಿದದ್ದು ಒಂದೇ ಅವಕಾಶ, ಆರು ವಾರ.

ಆಪಾ ಯಂತ್ರ ನಿಲ್ಲಿಸಿದಳು. "ಬಾ ಇಲ್ಲಿ. ಏನು ಹೇಳಿದೆಯೋ ಅದನ್ನ ನನಗೆ ಹೇಳು."

"ನಿನಗೆ ಇಂಗ್ಲಿಷ್ ಬರಲ್ವಲ್ಲ ಆಪಾ."

"ನಿನಗೆ ಬರುತ್ತಾ? ಹೇಳು."

ಹೇಳಿದೆ. ಅವಳು ಗವಸಿನ ಅಂಚು ಮಡಿಸುತ್ತಾ ಕೇಳಿದಳು. ಮೂರು ಕಡೆ ಬೆರಳೆತ್ತಿದಳು. ನೋಡಿದರೆ ಮೂರೂ ಕಡೆ ನನಗೆ ಅರ್ಥ ಗೊತ್ತಿಲ್ಲದ ಪದಗಳೇ! ನನಗೆ ಗಾಬರಿಯಾಯಿತು.

"ನಿನಗೆ ಹೇಗೆ ಗೊತ್ತಾಯ್ತು?"

"ಅದೇನು ಮಹಾ? ಗೊತ್ತಿಲ್ಲದ ಕಡೆ ನಿನ್ನ ಧ್ವನಿ ಸಣ್ಣ ಆಗುತ್ತೆ. ಚಿಕ್ಕೋನಿದ್ದಾಗ ಸುಳ್ಳು ಹೇಳುವಾಗ್ಲೂ ಹಾಗೇ ಆಗ್ತಿತ್ತು."

ಮರುದಿನದಿಂದ ಅವಳದೇ ಮದರಸಾ. ಉಸ್ತಾದರ ಪದ್ಧತಿಯನ್ನೇ ಇಟ್ಟುಕೊಂಡಳು, ಬೆಳಿಗ್ಗೆ ಹೊಸದು, ಆಮೇಲೆ ಹೋದ ವಾರದ್ದು, ಮಧ್ಯಾಹ್ನ ಹಳೆಯದು. ಆದರೆ ಒಳಗಿನ ಹೂರಣ ಬದಲಿಸಿದಳು. ಹೊಸ ಪಾಠ ಅಂದರೆ ದಿನಕ್ಕೆ ಐದೇ ವಾಕ್ಯ. ಅವು ಆ ದಿನ ನಮ್ಮ ಅಂಗಡಿಯಲ್ಲಿ ನಡೆದದ್ದಾಗಿರಬೇಕು, ನಿಜವಾಗಿರಬೇಕು, ನಾನೇ ಕಟ್ಟಿರಬೇಕು. ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಡಂ ಹತ್ತಿರ ಕೇಳಿಕೊಂಡು ಬರಬೇಕು. ಹಳೆಯ ಪಾಠ ಒಪ್ಪಿಸುವಾಗ ಮಾತ್ರ ಒಂದು ಶರತ್ತು.

"ನಿನ್ನೆ ಹೇಳಿದ ಹಾಗೇ ಇವತ್ತು ಹೇಳೋ ಹಾಗಿಲ್ಲ. ವಿಷಯ ಅದೇ ಇರಲಿ, ಮಾತು ಬೇರೆ ಇರಬೇಕು."

"ಅದು ಹೇಗಾಗುತ್ತೆ ಆಪಾ?"

"ಪಕ್ಕದ ಮನೆಯವಳು ಸಿಕ್ಕಿದ್ಲು ಅಂತ ನಾನು ನಿನಗೊಂದು ಸಲ, ಅಬ್ಬಾಗೊಂದು ಸಲ ಹೇಳ್ತೀನಿ. ಎರಡೂ ಒಂದೇ ಥರ ಹೇಳ್ತೀನಾ?"

ಮೊದಲ ವಾರ ಕಳ್ಳಾಟ ಆಡಿದೆ. ನಿನ್ನೆಯದನ್ನೇ ಇವತ್ತು ಒಪ್ಪಿಸಿದೆ. ಅವಳು ತಲೆಯೆತ್ತದೇ, "ರಾಗ ಅದೇ ಇದೆ. ಮತ್ತೆ ಹೇಳು," ಎಂದಳು. ಕಿವಿಯಲ್ಲ ಅದು, ತಕ್ಕಡಿ. ನಾನು ತೂಗುವುದನ್ನು ಬಿಡಿಸಲು ಕೈಗೆ ಅಬ್ಬಾರ ಸೂಜಿ ಕೊಟ್ಟು ಹಾಸಿಗೆಯ ಅಂಚು ಹೊಲಿಯಲು ಕೂರಿಸಿದಳು. ಗೇಣುದ್ದದ ಸೂಜಿ. ತೂಗಿದರೆ ಚುಚ್ಚುತ್ತದೆ. ನಾನು ಇಂಗ್ಲಿಷಿಗೆ ರಕ್ತ ಸುರಿಸಿದ್ದೇನೆ ಎಂದರೆ ಮಕ್ಕಳು ಉತ್ಪ್ರೇಕ್ಷೆ ಅನ್ನುತ್ತಾರೆ. ಹೆಬ್ಬೆರಳು ತೋರಿಸುತ್ತೇನೆ.

ಅಬ್ಬಾ ಹತ್ತಿ ಬಡಿಯುತ್ತಾ ನಮ್ಮನ್ನು ನೋಡುತ್ತಿದ್ದರು. ಒಂದು ದಿನ ಅಂದರು: "ಇಂಗ್ಲಿಷ್ ಬರುತ್ತೋ ಇಲ್ವೋ, ಹೊಲಿಗೆ ಸುಧಾರಿಸಿದೆ."

ಮೂರನೆಯ ಪರೀಕ್ಷೆಯ ದಿನ ಅಂಗಿಯ ಮೇಲಿನ ಹತ್ತಿಯನ್ನು ಕೊಡವಿಕೊಳ್ಳದೆ ಹೋದೆ. ಧೈರ್ಯ ಅಲ್ಲ, ಮರೆತುಹೋಗಿತ್ತು. ಮೇಡಂ ತಲೆಯಾಡಿಸಿದರು. ಕಣ್ಣು ಬಿಟ್ಟುಕೊಂಡೇ ನಿಂತೆ.

"ಮೈ ಫಾದರ್ ಈಸ್ ನಾಟ್ ಎ ಡಾಕ್ಟರ್," ಎಂದೆ.

ತರಗತಿ ನಕ್ಕಿತು. ವಿಚಿತ್ರವೆಂದರೆ ನನಗೂ ನಗು ಬಂತು. ಅಂಗಡಿಯ ವಿಷಯ ಹೇಳಿದೆ, ಪರದೆಯ ವಿಷಯ ಹೇಳಿದೆ, ಲೋಟದಲ್ಲಿ ಬೀಳುವ ಹತ್ತಿಯ ವಿಷಯ ಹೇಳಿದೆ. ಒಂದು ನಿಮಿಷ ದಾಟಿತು. ಅಬ್ಬಾ ಗೇಣುದ್ದದ ಸೂಜಿಯಿಂದ ಹೊಲಿಯುತ್ತಾರೆ ಎಂದು ಹೇಳಹೊರಟೆ. ಸೂಜಿಗೆ ಇಂಗ್ಲಿಷಿನಲ್ಲಿ ಏನು?

ಇಲ್ಲ. ಖಾಲಿ. ಆರು ವಾರ ನನ್ನನ್ನು ಚುಚ್ಚಿದ ವಸ್ತು, ಹೆಸರು ಹೇಳದೆ ಎದ್ದುಹೋಗಿತ್ತು. ಹಳೆಯ ಚಾಳಿ ಹಿಂದಿನಿಂದ ಜಗ್ಗತೊಡಗಿತು: ಮೊದಲಿಂದ ಶುರುಮಾಡು, ಮೊದಲಿಂದ ಶುರುಮಾಡು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಧ್ವನಿ ಬಂತು. ಜೋರಿಲ್ಲ, ಪಿಸುಮಾತೂ ಅಲ್ಲ. "ನೀಡಲ್."

ಆ ಧ್ವನಿಯ ಮಟ್ಟ ನನಗೆ ಚೆನ್ನಾಗಿ ಗೊತ್ತಿತ್ತು. ಮಸೀದಿಯಲ್ಲಿ ಬೆಳಗಿನ ನಮಾಜಿಗೆ ಮುಂದೆ ನಿಂತ ಇಮಾಮರು ಓದುತ್ತಾ ಒಂದು ಕಡೆ ಮರೆತು ನಿಂತರೆ, ಹಿಂದಿನ ಸಾಲಿನಿಂದ ಗೊತ್ತಿದ್ದವರು ಮುಂದಿನ ಪದ ಕೊಡುತ್ತಾರೆ. ಕೊಟ್ಟವನು ತರಕಾರಿ ಮಾರುವವನಿರಬಹುದು, ಮೀಸೆ ಮೂಡದ ಹುಡುಗನಿರಬಹುದು. ಇಮಾಮರು ತಿರುಗಿ ನೋಡುವುದಿಲ್ಲ, ನಾಚುವುದಿಲ್ಲ, ಮೊದಲಿಗೆ ಹೋಗುವುದಿಲ್ಲ. ಆ ಪದ ತೆಗೆದುಕೊಂಡು ಮುಂದೆ ಸಾಗುತ್ತಾರೆ. ನಮಾಜು ಮುಗಿದ ಮೇಲೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಇದು. ಇಂಗ್ಲಿಷ್ ತರಗತಿಯಲ್ಲಿ ಮಾತ್ರ, ತಿದ್ದಿದರೆ ಮಾನ ಹೋಯಿತು ಎಂದುಕೊಂಡು ಕೂತಿದ್ದೆ ನಾನು, ದಡ್ಡ.

ನಾನು ತಿರುಗಿ ನೋಡಲಿಲ್ಲ. "ವಿತ್ ಎ ಲಾಂಗ್ ನೀಡಲ್," ಎಂದು ಮುಂದಕ್ಕೆ ಹೆಜ್ಜೆ ಇಟ್ಟೆ.

"ಸ್ಟಾಪ್," ಎಂದರು ಮೇಡಂ. "ಹಿಂದಿನಿಂದ ಹೇಳಿದ್ದು ಯಾರು?"

ಪಂಕ್ಚರ್ ಎದ್ದು ನಿಂತ. ಮೊದಲ ಬಾರಿಗೆ ಅವನ ಮುಖದಲ್ಲೇ ಗಾಳಿ ಇರಲಿಲ್ಲ. ಪರೀಕ್ಷೆಯಲ್ಲಿ ಹೇಳಿಕೊಟ್ಟದ್ದು ತಪ್ಪು. ಅವನದೂ ಪರೀಕ್ಷೆ ಬಾಕಿ ಇತ್ತು, ಹೊರಗೆ ಹಾಕಿದರೆ ಇಬ್ಬರೂ ಒಟ್ಟಿಗೆ ಹೊರಗೆ.

ನನಗೆ ಏನಾಯಿತೋ. "ಮೇಡಂ, ನೋ ಮೇಡಂ, ಹೀ ನಾಟ್ ಕಾಪಿ," ಎಂದು ಬಾಯಿ ಹಾಕಿದೆ. ಆಮೇಲೆ ಬಂತು ನೋಡಿ ಇಂಗ್ಲಿಷ್! ಇದ್ದ ಕ್ರಿಯಾಪದ, ಇಲ್ಲದ ಕ್ರಿಯಾಪದ, ಎಲ್ಲವೂ ಒಂದರ ಮೇಲೊಂದು ಬಿದ್ದವು. ನಮ್ಮ ನಮಾಜಿನಲ್ಲಿ ದೊಡ್ಡ ಮನುಷ್ಯ ಮುಂದೆ ನಿಲ್ಲುತ್ತಾನೆ, ಅವನೂ ಮರೆಯುತ್ತಾನೆ, ಸಣ್ಣ ಮನುಷ್ಯ ಹಿಂದಿನಿಂದ ಕೊಡುತ್ತಾನೆ, ದೊಡ್ಡವನು ತೆಗೆದುಕೊಳ್ಳುತ್ತಾನೆ, ಸಿಟ್ಟಾಗುವುದಿಲ್ಲ, ಇವನು ನನ್ನ ಗೆಳೆಯ, ನನಗೆ ಹೆಸರಿಟ್ಟವನು, ಆದರೂ ಕೊಟ್ಟ, ಮೇಡಂ ಅವನಿಗೆ ಶಿಕ್ಷೆ ಕೊಡಬೇಡಿ, ನನಗೆ ಕೊಡಿ. ಕೈಯಿಂದ ಸಾಲು ತೋರಿಸಿದೆ, ನಿಂತು ತೋರಿಸಿದೆ, ಹಿಂದಿನಿಂದ ಹೇಗೆ ಕೊಡುತ್ತಾರೆ ಎಂದು ಬೆಂಚಿನ ಹಿಂದೆ ಹೋಗಿ ತೋರಿಸಿದೆ. ಉಸಿರು ಕಟ್ಟಿ ನಿಂತಾಗ ಮೇಡಂ ಗಡಿಯಾರ ನೋಡುತ್ತಿದ್ದರು.

"ಮೂರು ನಿಮಿಷ ಐವತ್ತು ಸೆಕೆಂಡ್," ಎಂದರು. "ಇದು ಯಾವ ಗೈಡಿನದು?"

"ಗೈಡಲ್ಲಿಲ್ಲ ಮೇಡಂ."

"ಗೊತ್ತಾಯ್ತು. ಇಷ್ಟು ತಪ್ಪಿರೋ ಗೈಡನ್ನ ಯಾರೂ ಅಚ್ಚು ಹಾಕಲ್ಲ." ಪುಸ್ತಕದಲ್ಲಿ ಏನೋ ಬರೆದರು. "ಒಂದು ಪದ ಅವನದು, ಅದಕ್ಕೆ ಒಂದು ಅಂಕ ಕಡಿಮೆ. ಉಳಿದದ್ದು ನಿನ್ನದು. ಪಾಸು. ಕೂತ್ಕೋ." ಪಂಕ್ಚರ್ ಕಡೆ ತಿರುಗಿದರು. "ನೀನು ಬಾ ಮುಂದೆ. ನಿನ್ನ ಹಿಂದೆ ಯಾರು ನಿಲ್ತಾರೆ ನೋಡೋಣ."

ಪಾಸಾದದ್ದು ಸರಿಯಾಗಿ ಅಂಚಿನಲ್ಲಿ. ಅಂಕ ಇನ್ನೊಂದು ಕಡಿಮೆಯಾಗಿದ್ದರೆ ಇವತ್ತು ನಾನು ನಿಮಗೆ ಹಾಸಿಗೆ ಮಾರುತ್ತಿದ್ದೆ, ಒಳ್ಳೆಯ ಹಾಸಿಗೆಯನ್ನೇ.

ಮನೆಗೆ ಬಂದಾಗ ಅಬ್ಬಾ ಸೂಜಿ ಹಿಡಿದು ಕೂತಿದ್ದರು. ನನ್ನ ಮುಖ ನೋಡಿ, ಚಾಚಬೇಕೆಂದಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ದಾರನಾದ್ರೂ ಪೋಣಿಸಿಕೊಡು," ಎಂದರು. ಪೋಣಿಸಿಕೊಟ್ಟೆ.

ಪರದೆಯ ಆಚೆ ಯಂತ್ರ ಓಡುತ್ತಲೇ ಇತ್ತು. "ಹೇಳು," ಎಂದಳು ಆಪಾ. "ಏನೇನು ಹೇಳಿದೆಯೋ ಎಲ್ಲ."

ಹೇಳಿದೆ. ತರಗತಿಯಲ್ಲಿ ಹೇಳಲು ಅವಕಾಶ ಸಿಗದ ಕೊನೆಯ ಭಾಗವನ್ನೂ ಹೇಳಿದೆ, ಇಮಾಮರ ಕಥೆಯ ನಡುವೆ ಅದು ಉಳಿದುಹೋಗಿತ್ತು. ಅಲ್ಲಿಗೆ ಬರುತ್ತಲೇ ಯಂತ್ರ ನಿಂತಿತು.

"ಅಲ್ಲಿ ತಪ್ಪಿದೆ."

"ಇಲ್ಲ ಆಪಾ. ಅದನ್ನ ಮೇಡಂ ಹತ್ರ ಮೊದಲೇ ತಿದ್ದಿಸಿಕೊಂಡು ಬಂದಿದ್ದೆ."

"ಮತ್ಯಾಕೆ ಧ್ವನಿ ಸಣ್ಣ ಆಯ್ತು?"

"ಅಲ್ಲಿ ನೀನಿದೀಯ. ಎಸ್."

ಅವಳು ಗವಸಿನ ಅಂಚನ್ನು ಬೆರಳಲ್ಲಿ ಉಜ್ಜಿದಳು. ಆಮೇಲೆ ಪೆಡಲಿನ ಮೇಲೆ ಕಾಲಿಟ್ಟಳು.

"ನಾನಿದ್ರೆ ಇನ್ನೂ ಜೋರಾಗಿ ಹೇಳ್ಬೇಕು. ಮೊದಲಿಂದ ಬೇಡ, ಅಲ್ಲಿಂದಾನೇ ಹೇಳು."